ಬೀರು ಮತ್ತು ಪಾಂಡಿಚೇರಿಯ ವರ

ಒಂಟಿಯಾಗಿರುವ ಹೆಣ್ಣುಮಗಳು ತನಗಾಗಿ ಏನೇನು ಕೊಳ್ಳಬಹುದು, ಏನೇನು ಕೊಳ್ಳಬಾರದು ಎಂಬುದನ್ನು ನಮ್ಮಲ್ಲಿ ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೆ ನನ್ನೊಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ ಅದು ಹುಟ್ಟಿದಂದಿನಿಂದ ಗೊತ್ತಿದ್ದಂತೆ ಕಾಣುತ್ತದೆ. ಕೊಡೆ ಕೊಳ್ಳಬಹುದು. ಕೈಗಡಿಯಾರ, ಟಾರ್ಚು, ಸೀಮೆಎಣ್ಣೆ ಸ್ಟೌವು, ಮಡಿಸುವ ಕುರ್ಚಿ, ಇವೆಲ್ಲ ಪರವಾಗಿಲ್ಲ. ಇವನ್ನು ಹೊತ್ತುಕೊಂಡು ಬರುವವಳನ್ನು ನೋಡಿ ಜನ "ಪಾಪ, ಕೆಲಸಕ್ಕೆ ಹೋಗೋ ಹುಡುಗಿ" ಎಂದು ಸುಮ್ಮನಾಗುತ್ತಾರೆ. ಬೀರು ಮಾತ್ರ ಕೂಡದು. ಬಾಗಿಲಿಗೆ ಕನ್ನಡಿಯಿರುವ, ಆಳಿಗಿಂತ ಎತ್ತರದ, ಉಕ್ಕಿನ ಬೀರು ಮದುವೆಯಾಗದ ಹುಡುಗಿಯ ಹೆಸರಿನಲ್ಲಿ ಬೀದಿಗೆ ಬರುವುದು ಒಂದೇ ಒಂದು ಕಾರಣಕ್ಕೆ. ನಾನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ್ದೆ, ಗ್ರಂಥಾಲಯ ಶಾಸ್ತ್ರದ ಪರೀಕ್ಷೆಯನ್ನೂ ಪಾಸು ಮಾಡಿದ್ದೆ. ಬೀರು ಎಂಬ ಪದ ಯಾವ ದೇಶದಿಂದ ಹೊರಟು ಎಲ್ಲೆಲ್ಲಿ ತಂಗಿ ನಮ್ಮೂರು ಸೇರಿತು ಎಂದು ಕೇಳಿದ್ದರೆ ಅರ್ಧ ಗಂಟೆ ಮಾತಾಡಬಲ್ಲವಳಾಗಿದ್ದೆ. ಜಯನಗರದಲ್ಲಿ ಬೀರು ಎಂದರೆ ಏನು ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ.

ನನ್ನ ಕೆಲಸ ಒಂದು ಕಾರ್ಖಾನೆಯ ಗ್ರಂಥಾಲಯದಲ್ಲಿ. ಕಥೆ ಕಾದಂಬರಿ ಸಿಗುವ ಜಾಗವಲ್ಲ ಅದು. ಯಂತ್ರಗಳ ಕೈಪಿಡಿಗಳು, ನಕ್ಷೆಗಳು, ಮತ್ತು ಅವುಗಳ ಮೇಲೆ ತಲೆಯಿಟ್ಟು ನಿದ್ದೆ ಮಾಡಲು ಬರುವ ಒಂದಿಬ್ಬರು ಎಂಜಿನಿಯರುಗಳು, ಅಷ್ಟೇ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಮ್ಮಲ್ಲಿಗೆ ಫ್ರಾನ್ಸಿನಿಂದ ಕೆಲವು ಯಂತ್ರಗಳು ಬಂದವು. ಅವುಗಳ ಕೈಪಿಡಿಗಳೂ ಫ್ರೆಂಚಿನಲ್ಲೇ ಇದ್ದವು. ಯಾರಾದರೊಬ್ಬರು ಆ ಭಾಷೆ ಕಲಿಯಬೇಕು ಎಂದಾಯಿತು. ಮ್ಯಾನೇಜರು ನನ್ನನ್ನು ಕರೆದು, "ನಿಮಗಾದ್ರೆ ಮನೆ ಕಡೆ ಜವಾಬ್ದಾರಿ ಏನೂ ಇಲ್ಲವಲ್ಲ ಮೇಡಂ, ನೀವೇ ಕಲಿತುಬಿಡಿ" ಎಂದರು. ಮನೆಯ ಕಡೆ ಜವಾಬ್ದಾರಿ ಇಲ್ಲದಿರುವುದು ಒಂದು ವಿದ್ಯಾರ್ಹತೆ ಎಂದು ನನಗೆ ಆವತ್ತೇ ಗೊತ್ತಾದದ್ದು. ಹಾಗೆ ವಾರದಲ್ಲಿ ಮೂರು ಸಂಜೆ ಫ್ರೆಂಚ್ ತರಗತಿಗೆ ಸೇರಿದೆ.

ನಾನಿದ್ದದ್ದು ಜಯನಗರದ ಒಂಬತ್ತನೇ ಬ್ಲಾಕಿನ ಕಡೆ, ಪದ್ಮಮ್ಮನವರ ಮನೆಯ ಹಿಂದಿನ ಒಂದು ಕೋಣೆಯಲ್ಲಿ. ಕೋಣೆಯ ಮೂಲೆಯಲ್ಲೇ ಅಡುಗೆಗೆ ಒಂದು ಕಟ್ಟೆ, ಆಚೆಗೆ ಬಚ್ಚಲು, ಬಾಗಿಲ ಮುಂದೆ ಒಂದು ಸೀಬೆ ಮರ. ಚಿಕ್ಕದೆಂದು ದೂರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಈ ಕೋಣೆ ಸಿಗುವ ಮೊದಲು ಹನುಮಂತನಗರದಿಂದ ಹಿಡಿದು ಬನಶಂಕರಿಯವರೆಗೆ 'ಬಾಡಿಗೆಗೆ ಇದೆ' ಎಂಬ ಬೋರ್ಡು ಕಂಡಲ್ಲೆಲ್ಲ ಗೇಟು ತೆಗೆದಿದ್ದೆ. ಎಲ್ಲ ಕಡೆಯೂ ಮೊದಲ ಪ್ರಶ್ನೆ "ಒಬ್ರೇನಾ?" ಎಂಬುದು. ಹೌದು ಎಂದ ಕೂಡಲೇ ಮನೆ ಹಿಂದಿನ ದಿನವಷ್ಟೇ ಬೇರೆಯವರಿಗೆ ಕೊಟ್ಟಾಗಿರುತ್ತಿತ್ತು. ಒಂದು ಮನೆಯಲ್ಲಂತೂ ಯಜಮಾನಿ ನನ್ನ ಹಿಂದೆ ಇಣುಕಿ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ "ಇಲ್ಲಮ್ಮ" ಎಂದಿದ್ದರು. ಪದ್ಮಮ್ಮನವರೂ ಹಾಗೇ ಕೇಳಿದರು. ಆದರೆ ಅವರ ಯಜಮಾನರು ಅನಂತರಾಯರು ಪೇಪರಿನ ಹಿಂದಿನಿಂದಲೇ, "ಒಬ್ರೇ ಆದ್ರೆ ನೀರು ಕಡಿಮೆ ಖರ್ಚಾಗುತ್ತೆ ಕಣೆ" ಎಂದರು. ಆ ನೀರಿನ ದೆಸೆಯಿಂದ ನನಗೆ ತಲೆಯ ಮೇಲೊಂದು ಸೂರು ಸಿಕ್ಕಿತು. ಅದನ್ನು ಬಿಟ್ಟರೆ ಬೆಂಗಳೂರಿನಲ್ಲಿ ನನಗೆ ಇನ್ನೊಂದು ಜಾಗವಿರಲಿಲ್ಲ. ಊರಿನಲ್ಲಿಯೂ ಇರಲಿಲ್ಲವೆನ್ನಿ. ಅಪ್ಪ ಅಮ್ಮ ಹೋದ ಮೇಲೆ ಅರಸೀಕೆರೆಯ ಅಣ್ಣನ ಮನೆಗೆ ಹಬ್ಬಕ್ಕೆ ಹೋಗಿ ಬರುತ್ತಿದ್ದೆ. ಹೋದಾಗ ಅತ್ತಿಗೆ ಮಕ್ಕಳನ್ನೆಲ್ಲ ಒಂದೇ ಹಾಸಿಗೆಗೆ ಸರಿಸಿ ನನಗೆ ಜಾಗ ಮಾಡುತ್ತಿದ್ದಳು. ಆ ಸರಿಸುವ ಸದ್ದು ಕೇಳಿದ ಮೇಲೆ ಎರಡನೇ ದಿನಕ್ಕೇ ನನಗೆ ಆಫೀಸಿನಲ್ಲಿ ತುರ್ತು ಕೆಲಸ ನೆನಪಾಗುತ್ತಿತ್ತು.

ಒಂಟಿತನದ ಬಗ್ಗೆ ಹೆಚ್ಚು ಹೇಳಿದರೆ ಓದುವವರಿಗೆ ಕಸಿವಿಸಿಯಾಗುತ್ತದೆ, ಹೇಳುವವರಿಗೆ ಅದಕ್ಕಿಂತ ಹೆಚ್ಚು. ಆದ್ದರಿಂದ ಇಷ್ಟು ಸಾಕು: ಭಾನುವಾರ ಬೆಳಗ್ಗೆ ಹಾಲಿನವನಿಗೆ "ಅರ್ಧ ಲೀಟರು" ಎಂದರೆ, ಸೋಮವಾರ ಬಸ್ಸಿನಲ್ಲಿ ಕಂಡಕ್ಟರಿಗೆ ಸ್ಟಾಪಿನ ಹೆಸರು ಹೇಳುವವರೆಗೆ ನನಗೆ ಬಾಯಿ ತೆರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಕೆಲವು ಸೋಮವಾರ ದನಿ ಹೊರಡದೆ ಕಂಡಕ್ಟರು, "ಗಂಟ್ಲು ಕಟ್ಟಿದ್ಯಾ ಮೇಡಂ? ಶುಂಠಿ ಕಷಾಯ ಕುಡೀರಿ" ಎಂದದ್ದೂ ಉಂಟು. ಪಕ್ಕದ ಮನೆಯ ರೇಡಿಯೋ ನನ್ನ ಕೋಣೆಗೆ ಚೆನ್ನಾಗಿ ಕೇಳುತ್ತಿದ್ದುದರಿಂದ ನಾನು ರೇಡಿಯೋ ಕೊಂಡಿರಲಿಲ್ಲ. ಅವರು ಊರಿಗೆ ಹೋದರೆ ನನ್ನ ಕೋಣೆಯಲ್ಲಿ ಸುದ್ದಿ ನಿಂತುಹೋಗುತ್ತಿತ್ತು. ಪಲ್ಯವನ್ನು ಒಬ್ಬಳಿಗೆ ಬೇಕಾದಷ್ಟೇ ಮಾಡುವುದು ಎಷ್ಟು ಕಷ್ಟವೆಂದು ಸಂಸಾರಸ್ಥರಿಗೆ ಗೊತ್ತಿರಲಾರದು. ಒಂದು ಎಲೆಕೋಸು ಕೊಂಡರೆ ವಾರವಿಡೀ ಅದೇ ನನ್ನ ಜೊತೆಗಾರ. ಫ್ರೆಂಚ್ ಕಲಿಯಲು ಶುರು ಮಾಡಿದ ಮೇಲೆ ಪರಿಸ್ಥಿತಿ ಸ್ವಲ್ಪ ಸುಧಾರಿಸಿತು. ಪಾಠವನ್ನು ಗಟ್ಟಿಯಾಗಿ ಓದಬೇಕು ಎಂದು ಮೇಡಂ ಹೇಳಿದ್ದರು. "ನಮಸ್ಕಾರ, ಹೇಗಿದ್ದೀರಿ? ನಿಮ್ಮ ಮನೆಯಲ್ಲಿ ಯಾರು ಯಾರಿದ್ದಾರೆ? ನನ್ನ ಅಜ್ಜ ತೋಟದಲ್ಲಿದ್ದಾರೆ, ಬೆಕ್ಕು ಮೇಜಿನ ಕೆಳಗಿದೆ" ಎಂದು ಸಂಜೆಯ ಹೊತ್ತು ನಾನೇ ಕೇಳಿ ನಾನೇ ಉತ್ತರ ಹೇಳುತ್ತಿದ್ದೆ. ಆ ಕೋಣೆಯಲ್ಲಿ ಅಷ್ಟು ಜನ ಹಿಂದೆಂದೂ ಇದ್ದಿರಲಿಲ್ಲ.

ಫ್ರೆಂಚ್ ಮೇಡಂ ಪಾಂಡಿಚೇರಿಯವರು. ವಯಸ್ಸಾದವರು, ಕಡಕ್ ಇಸ್ತ್ರಿಯ ಹತ್ತಿ ಸೀರೆ, ನಕ್ಕರೆ ಮಾತ್ರ ಮಕ್ಕಳಂತೆ ನಗುತ್ತಿದ್ದರು. ಒಂದು ಸಂಜೆ ಅವರು ಹಲಗೆಯ ಮೇಲೆ 'ಬ್ಯೂರೋ' ಎಂಬ ಪದ ಬರೆದು, "ಇದು ನಿಮಗೆಲ್ಲ ಗೊತ್ತಿರೋದೇ, ಇಂಗ್ಲಿಷಿನಲ್ಲೂ ಇದೆ, ಅದೇ ಅಕ್ಷರ" ಎಂದರು. ಫ್ರೆಂಚಿನಲ್ಲಿ ಬರೆಯುವ ಮೇಜು ಎಂದೂ ಅರ್ಥ, ಕಚೇರಿ ಎಂದೂ ಅರ್ಥ. ಇಂಗ್ಲಿಷಿನಲ್ಲಿ ಸರ್ಕಾರದ ಇಲಾಖೆ, ಇಲ್ಲವೇ ಖಾನೆಗಳಿರುವ ಮೇಜು. ಅಮೆರಿಕದವರಿಗೆ ಬಟ್ಟೆ ಇಡುವ ಖಾನೆಪೆಟ್ಟಿಗೆ. ನನಗೆ ಆ ಪದವನ್ನು ಎಲ್ಲೋ ನೋಡಿದ ಹಾಗಾಯಿತು, ನೆಂಟರ ಮುಖ ಬೇರೊಬ್ಬರಲ್ಲಿ ಕಂಡ ಹಾಗೆ. ಬಸ್ಸಿನಲ್ಲಿ ನಿಂತು ಬರುವಾಗ ಹೊಳೆಯಿತು: ಇದು ನಮ್ಮ ಬೀರು! ಅಮ್ಮ ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿ ತೆಗೆಯುತ್ತಿದ್ದ ಬೀರು. ಇಷ್ಟು ದೊಡ್ಡ ಸಂಗತಿಯನ್ನು ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಪಕ್ಕದಲ್ಲಿ ಸೊಪ್ಪಿನ ಚೀಲ ಹಿಡಿದು ನಿಂತಿದ್ದ ಹೆಂಗಸಿನ ಕಡೆ ತಿರುಗಿದೆ. ಅವರು "ಮುಂದಿನ್ ಸ್ಟಾಪಾ?" ಎಂದು ದಾರಿ ಬಿಟ್ಟರು. ನಾನು ಇಳಿದುಬಿಟ್ಟೆ. ನನ್ನ ಸ್ಟಾಪು ಇನ್ನೂ ಎರಡು ಆಚೆಗಿತ್ತು.

ಮರುದಿನ ಗ್ರಂಥಾಲಯದ ದಪ್ಪ ನಿಘಂಟನ್ನು ಇಳಿಸಿ ನೋಡಿದೆ. ಆ ಪದದ ಮೂಲ ಮೇಜೂ ಅಲ್ಲ, ಕಪಾಟೂ ಅಲ್ಲ, ಒಂದು ಬಟ್ಟೆ. ಹಳೆಯ ಫ್ರೆಂಚಿನಲ್ಲಿ ಒರಟು ಉಣ್ಣೆಯ ಬಟ್ಟೆಗೆ 'ಬ್ಯೂರೆಲ್' ಎನ್ನುತ್ತಿದ್ದರಂತೆ. ನಮ್ಮ ಕಂಬಳಿಯ ಹಾಗಿರಬೇಕು. ಲೆಕ್ಕ ಬರೆಯುವ ಮೇಜಿನ ಮೇಲೆ ಅದನ್ನು ಹಾಸುತ್ತಿದ್ದರು. ಬರಬರುತ್ತ ಬಟ್ಟೆಯ ಹೆಸರು ಮೇಜಿಗೆ ಬಂತು, ಮೇಜಿನ ಹೆಸರು ಮೇಜಿದ್ದ ಕೋಣೆಗೆ ಬಂತು, ಕೋಣೆಯ ಹೆಸರು ಅಲ್ಲಿ ಕುಳಿತು ಜನರನ್ನು ನಾಳೆ ಬಾ ಎನ್ನುವ ಅಧಿಕಾರಿಗಳಿಗೆ ಬಂತು. ಬಟ್ಟೆ ಎಲ್ಲೋ ಕಳಚಿ ಬಿತ್ತು. ಅದೇ ಜಾತಿಯ ಉಣ್ಣೆಗೆ ಇವತ್ತಿಗೂ ಅಲ್ಲಿ 'ಬ್ಯೂರ್' ಎಂಬ ಹೆಸರಿದೆ, ಅದು ಸನ್ಯಾಸಿಗಳ ನಿಲುವಂಗಿಯ ಬಟ್ಟೆ. ಸಂಸಾರ ಬೇಡವೆಂದವರು ಹೊದೆಯುವ ಕಂಬಳಿ ಹಡಗು ಹತ್ತಿ ನಮ್ಮ ಕಡೆ ಬಂದು ರೇಷ್ಮೆ ಸೀರೆ ಇಡುವ ಉಕ್ಕಿನ ಕಪಾಟಾಗಿ ನಿಂತಿತ್ತು. ಅದು ಪಾಂಡಿಚೇರಿಯ ದಾರಿಯಲ್ಲಿ ಬಂತೋ, ಮದರಾಸಿನ ಸಾಹೇಬರ ಬಂಗಲೆಯಿಂದ ಬಂತೋ, ಪೋರ್ಚುಗೀಸರು ತಂದರೋ ನಿಘಂಟಿಗೆ ಗೊತ್ತಿರಲಿಲ್ಲ. ಬೀರುವಿನ ನೆಂಟಸ್ತಿಕೆಯೇ ಅದರ ಗಮನಕ್ಕೆ ಬಂದಿರಲಿಲ್ಲ.

ಮೇಡಂಗೆ ಹೇಳಿದಾಗ ಅವರು ಸೀಮೆಸುಣ್ಣ ಕೆಳಗಿಟ್ಟು ನಕ್ಕರು. "ಅಯ್ಯೋ, ನಮ್ಮ ಮನೇಲಿ ಎರಡೂ ಇತ್ತು ಕಣಮ್ಮ. ಅಪ್ಪ ದಿನಾ ಬ್ಯೂರೋಗೆ ಹೋಗೋರು. ಅಮ್ಮ ದಿನಾ ಪೀರೋ, ಅದೇ ನಿಮ್ಮ ಬೀರು, ತೆಗೆಯೋಳು. ಒಂದೇ ಮನೆ, ಎರಡೂ ಒಂದೇ ಅಂತ ಯಾರಿಗೂ ತೋಚಲೇ ಇಲ್ಲ ನೋಡು." ಆಮೇಲೆ ಸೀಮೆಸುಣ್ಣ ಎತ್ತಿಕೊಳ್ಳುತ್ತ, "ಅವರಿಬ್ಬರೂ ಹಾಗೇ ಇದ್ರು ಬಿಡು" ಎಂದರು.

ಆ ಪದದ ಮೇಲಿನ ಪ್ರೀತಿಯಿಂದ ಬೀರು ಕೊಂಡೆ ಎಂದು ಯಾರೂ ತಿಳಿಯಬಾರದು. ಕೊಳ್ಳುವಂತೆ ಮಾಡಿದ್ದು ಇಲಿ. ಮಂಚದ ಕೆಳಗಿನ ಟ್ರಂಕಿನ ಮುಚ್ಚಳ ಸೊಟ್ಟಗಾಗಿತ್ತು. ಅದರೊಳಗೆ ಅಮ್ಮನ ಎರಡು ಸೀರೆ, ನನ್ನ ಪುಸ್ತಕಗಳು ಒಟ್ಟಿಗೇ ಇದ್ದವು. ಇಲಿಗೆ ಪುಸ್ತಕದಲ್ಲಿ ಆಸಕ್ತಿ ಇರಲಿಲ್ಲ. ಅಮ್ಮನ ಸೀರೆಯ ಸೆರಗನ್ನು ಕಡಿದಿತ್ತು. ಆವತ್ತು ಆ ಸೆರಗನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದು, ಶನಿವಾರ ಮಧ್ಯಾಹ್ನ ನೇರವಾಗಿ ಬನಶಂಕರಿಯ ಕಡೆಗಿದ್ದ ಒಂದು ಬೀರು ಮಾಡುವ ಶೆಡ್ಡಿಗೆ ಹೋದೆ. ಅಲ್ಲಿನವನು ನನ್ನ ಹಿಂದೆ ಮುಂದೆ ನೋಡಿ, "ಹುಡುಗೀನ ಕರ್ಕೊಂಡ್ ಬಂದಿಲ್ವಾ ಮೇಡಂ? ಕಲರ್ ಸೆಲೆಕ್ಟ್ ಮಾಡ್ಬೇಕಿತ್ತು" ಎಂದ.

"ಯಾವ ಹುಡುಗಿ?"

"ಬೀರು ಯಾರಿಗೆ ಮೇಡಂ?"

"ನನಗೇ."

ಅವನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು, "ಓ! ಕಂಗ್ರಾಚುಲೇಷನ್ಸ್ ಮೇಡಂ. ಹಂಗಾದ್ರೆ ಲಾಕರ್ ಇರೋದೇ ತಗೊಳ್ಳಿ, ಒಡವೆ ಬರುತ್ತಲ್ಲ" ಎಂದ. ಬೀರು ಕೊಂಡವರನ್ನೆಲ್ಲ ಅಭಿನಂದಿಸುವುದು ಆ ಅಂಗಡಿಯ ಪದ್ಧತಿ ಇರಬೇಕು, ವ್ಯಾಪಾರ ಬಲ್ಲವನು ಎಂದುಕೊಂಡು ನಾನು ಥ್ಯಾಂಕ್ಸ್ ಎಂದೆ. ನನ್ನ ವಿದ್ಯಾಭ್ಯಾಸದ ಬಗ್ಗೆ ಮೊದಲೇ ಹೇಳಿದ್ದೇನೆ.

ಭಾನುವಾರ ಬೆಳಗ್ಗೆ ಬೀರು ಬಂತು. ಕೈಗಾಡಿಯ ಮೇಲೆ ಮಲಗಿಸಿ ತರುತ್ತಾರೆಂದು ಎಣಿಸಿದ್ದೆ. ನಿಲ್ಲಿಸಿ, ಹಗ್ಗ ಬಿಗಿದು, ಕನ್ನಡಿಯ ಮೇಲೆ ಕುಂಕುಮದ ಸ್ವಸ್ತಿಕ ಬರೆದು, ಹಿಡಿಕೆಗೆ ಚೆಂಡುಹೂವಿನ ಮಾಲೆ ಕಟ್ಟಿ ತಂದಿದ್ದರು. ಅದು ದೇವರ ಉತ್ಸವದ ಹಾಗೆ ನಿಧಾನವಾಗಿ ಬೀದಿಯೊಳಗೆ ಬರುತ್ತಿದ್ದರೆ, ಕನ್ನಡಿಯಲ್ಲಿ ಒಂದೊಂದೇ ಮನೆ, ಒಂದೊಂದೇ ಗೇಟು, ಗೇಟಿಗೆ ಬಂದು ನಿಂತ ಒಬ್ಬೊಬ್ಬರೇ ಹೆಂಗಸರು ಕಾಣಿಸಿ ಮಾಯವಾಗುತ್ತಿದ್ದರು. ಮುಂದೆ ಎಳೆಯುತ್ತಿದ್ದವನು ಸೈಕಲ್ಲಿನವರಿಗೆ, "ಸೈಡ್ ಬಿಡ್ರಪ್ಪೋ, ಮದ್ವೆ ಬೀರು!" ಎಂದು ಕೂಗುತ್ತಿದ್ದ. ಇದು ಬೇರೆ ಯಾರದೋ ಬೀರು, ನನ್ನದು ಹಿಂದೆ ಬರುತ್ತಿರಬಹುದು ಎಂದು ನಾನು ಅದರ ಹಿಂದಕ್ಕೆ ಇಣುಕಿದೆ. ಗಾಡಿ ನನ್ನ ಮುಂದೆಯೇ ನಿಂತಿತು.

"ಹಾಗೇ ಒಳಗೆ ತರ್ಬೇಡಿ, ನಿಲ್ಲಿ ನಿಲ್ಲಿ!" ಎಂದು ಪದ್ಮಮ್ಮನವರು ಆರತಿ ತಟ್ಟೆ ಹಿಡಿದು ಓಡಿ ಬಂದರು. ಎದುರು ಮನೆಯ ಗಿರಿಜಕ್ಕ, ಚಿಕ್ಕಪೇಟೆಯ ಬಟ್ಟೆ ಅಂಗಡಿಯವರ ಹೆಂಡತಿ, ನನ್ನನ್ನು ಎರಡು ವರ್ಷದಿಂದ ದೂರದಿಂದಲೇ ನೋಡಿ ತಲೆಯಾಡಿಸುತ್ತಿದ್ದವರು, ಆವತ್ತು ಒದ್ದೆ ಕೈಯಲ್ಲೇ ಬಂದು ನನ್ನ ಭುಜ ಹಿಡಿದುಕೊಂಡರು. ಬೀರುವಿಗೆ ಆರತಿಯಾಯಿತು. ನನಗೂ ಆಯಿತು.

"ನಮಗೆ ಒಂದ್ಮಾತು ಹೇಳ್ಬಾರ್ದಿತ್ತಾ ವಿಮಲಾ?" ಎಂದರು ಪದ್ಮಮ್ಮ. "ಹುಡುಗ ಏನ್ಮಾಡ್ತಾನೆ?"

"ಯಾವ ಹುಡುಗ?"

"ನೋಡ್ರೀ ಗಿರಿಜಾ, ಯಾವ ಹುಡುಗ ಅಂತಾಳೆ!"

"ನಾನೂ ಹಂಗೇ ಅಂದಿದ್ದೆ ಕಣ್ರೀ ಪದ್ಮಮ್ಮೋರೆ," ಎಂದರು ಗಿರಿಜಕ್ಕ. "ಯಾವ್ ಹುಡುಗ ಅಂತ. ವಾರ ಆಗಿತ್ತೋ ಇಲ್ವೋ, ಮನೆ ಮುಂದೆ ಚಪ್ಪರ."

"ಇಲ್ಲ, ಹಾಗೇನೂ ಇಲ್ಲ. ಇಲಿ ಬಂದಿತ್ತು, ಅದಕ್ಕೆ..."

"ಇಲೀನಾ!" ಇಬ್ಬರೂ ಬಿದ್ದು ಬಿದ್ದು ನಕ್ಕರು. ಆ ದಿನಗಳಲ್ಲಿ ಮದುವೆ ಗೊತ್ತಾದ ಹುಡುಗಿ ಇಲ್ಲವೆಂದೇ ಹೇಳಬೇಕಿತ್ತು. ಹೌದೆಂದರೆ ಬಜಾರಿ ಎಂದು ಲೆಕ್ಕ. ಹಾಗಾಗಿ ನನ್ನ ಒಂದೊಂದು ನಿರಾಕರಣೆಯೂ ಮದುವೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತ ಹೋಯಿತು. ನನ್ನದು ಮೊದಲೇ ಗಟ್ಟಿಯಾಗಿ ಮಾತಾಡುವ ಸ್ವಭಾವವಲ್ಲ. ಜನ ಗುಂಪಾಗಿ ನೋಡಿದರೆ ಮುಖ ಕೆಂಪಾಗುತ್ತದೆ. ಮುಖ ಕೆಂಪಾದ ಮೇಲೆ ಇನ್ನು ಸಾಕ್ಷಿ ಯಾಕೆ?

ಮರುದಿನ ಪದ್ಮಮ್ಮನವರು ಅವರ ಮನೆಯ ಜಗಲಿಯಲ್ಲಿ ಒಬ್ಬರೇ ಸಿಕ್ಕಾಗ ಕ್ರಮವಾಗಿ ವಿವರಿಸಿದರೆ ತಿಳಿದೀತು ಎಂದು ಕೂರಿಸಿಕೊಂಡೆ. ಬೀರುವಿಗೂ ಮದುವೆಗೂ ಮೂಲದಲ್ಲಿ ಸಂಬಂಧವೇ ಇಲ್ಲ ಎಂದು ಮೊದಲು ಸಿದ್ಧ ಮಾಡಬೇಕಿತ್ತು.

"ಬೀರು ಅನ್ನೋದು ನಮ್ಮ ಮಾತಲ್ಲ ಪದ್ಮಮ್ಮನೋರೆ, ಫ್ರೆಂಚಿನವರದು. ಮೊದಲು ಅದಕ್ಕೆ ಬಟ್ಟೆ ಅಂತ ಅರ್ಥ ಇತ್ತು."

"ಹೌದಲ್ವೇನಮ್ಮ, ಬಟ್ಟೆ ಇಡಕ್ಕೇ ತಾನೇ ಬೀರು?"

"ಹಾಗಲ್ಲ. ಒರಟು ಕಂಬಳಿ. ಅಲ್ಲಿ ಸನ್ಯಾಸಿಗಳು ಹಾಕ್ಕೊಳೋರು."

"ಥೂ, ಬಿಡ್ತು ಅನ್ನು! ಶುಭಕಾರ್ಯ ಇಟ್ಕೊಂಡು ಸನ್ಯಾಸಿ ಗಿನ್ಯಾಸಿ ಅಂತ" ಎಂದು ಅವರು ನನ್ನ ತಲೆಯ ಮೇಲೆ ಕೈ ನಿವಾಳಿಸಿ ನೆಟಿಗೆ ಮುರಿದರು. ನಂತರ ಗಂಭೀರವಾಗಿ, "ಅದೇನು ಫ್ರೆಂಚು ಫ್ರೆಂಚು ಅಂತೀಯಲ್ಲ, ರಾತ್ರಿ ಎಲ್ಲ ಓದ್ಕೋತೀಯ, ಅದ್ಯಾಕೆ ಕಲೀತಿರೋದು?" ಎಂದರು. ಆಫೀಸಿಗಾಗಿ ಎಂದೆ. ಒಳಗಿನಿಂದ ಅನಂತರಾಯರು ಬಾಗಿಲಿಗೆ ಬಂದು, "ಪಾಂಡಿಚೇರಿಲಿ ಈಗ್ಲೂ ಫ್ರೆಂಚ್ ಮಾತಾಡ್ತಾರೆ ಕಣೆ, ನಾನು ಹೋದಾಗ ಕೇಳಿದ್ದೀನಿ" ಎಂದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆಯ ಹೊತ್ತಿಗೆ ನನ್ನ ವರ ಪಾಂಡಿಚೇರಿಯವನಾಗಿದ್ದ.

ಒಬ್ಬ ಮನುಷ್ಯ ಏನೂ ಇಲ್ಲದ ಕಡೆಯಿಂದ ಹೀಗೆ ಎದ್ದು ಬರುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮಂಗಳವಾರ ಅವರಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಗುರುವಾರದ ಹೊತ್ತಿಗೆ ಎತ್ತರವಾಗಿ, ಸ್ವಲ್ಪ ಕಪ್ಪಗೆ, ಆದರೆ ಲಕ್ಷಣವಾಗಿದ್ದರು. ತಾಯಿ ಇಲ್ಲ, ಆದ್ದರಿಂದ ನನಗೆ ಅತ್ತೆಯ ಕಾಟವಿಲ್ಲ ಎಂದು ಗಿರಿಜಕ್ಕ ಹಿಗ್ಗಿದರು. ಒಬ್ಬ ತಂಗಿ ಇದ್ದಾಳೆ, ಅವಳಿಗೂ ಮದುವೆಯಾಗಿದೆ. ಮೀನು ತಿನ್ನುವ ಊರಲ್ಲವೇ ಎಂದು ಪದ್ಮಮ್ಮನವರಿಗೆ ಮೊದಲು ಆತಂಕವಿತ್ತು. ಅವರ ಮನೆಯಲ್ಲಿ ಬೆಳ್ಳುಳ್ಳಿ ಸಹ ಇಲ್ಲ ಎಂದು ಯಾರೋ ಹೇಳಿದ ಮೇಲೆ ಸಮಾಧಾನವಾಯಿತು. ನಾನು ಇಲ್ಲವೆನ್ನುವುದನ್ನು ಬಿಟ್ಟಿರಲಿಲ್ಲ. ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆ, ಅವರೂ ದಿನಕ್ಕೊಮ್ಮೆ ನಗುತ್ತಿದ್ದರು. ಆದರೆ ಸಂಜೆ ಗೇಟು ತೆಗೆಯುವಾಗ, ಇವತ್ತು ಅವರ ವಿಷಯ ಏನು ಗೊತ್ತಾಗಿರಬಹುದು ಎಂದು ನನಗೂ ಕುತೂಹಲವಾಗುತ್ತಿತ್ತು.

ಮತ್ತೆ, ಆ ದಿನಗಳು ಚೆನ್ನಾಗಿದ್ದವು. ಎರಡು ವರ್ಷ ಯಾರೂ ಬಾರದ ನನ್ನ ಕೋಣೆಗೆ ಸಂಜೆಯಾದರೆ ಹೆಂಗಸರು ಬಂದು ಮಂಚದ ಮೇಲೆ ಕಾಲು ಮಡಿಸಿ ಕೂರುತ್ತಿದ್ದರು. ಗಿರಿಜಕ್ಕ ಗೊಜ್ಜಿಗೆ ಬೆಲ್ಲ ಯಾವಾಗ ಹಾಕಬೇಕೆಂದು ಹೇಳಿಕೊಟ್ಟರು. ಪದ್ಮಮ್ಮನವರ ಮನೆಯಿಂದ ಹುಳಿ ಬಂತು, ಕಡುಬು ಬಂತು, ಮಾವಿನಕಾಯಿ ಚಿತ್ರಾನ್ನ ಬಂತು. ಎಲೆಕೋಸಿನ ಸಹವಾಸ ತಪ್ಪಿತು. ಸೋಮವಾರ ಬೆಳಗ್ಗೆ ಕಂಡಕ್ಟರಿಗೆ ಸ್ಟಾಪಿನ ಹೆಸರು ಹೇಳಿದಾಗ ನನ್ನ ದನಿ ನನಗೇ ಜೋರೆನಿಸಿತು. ಒಂದು ಸಂಜೆ ಫ್ರೆಂಚ್ ಪಾಠ ತೆರೆದವಳು, ಮನೆಯಲ್ಲಿ ಯಾರು ಯಾರಿದ್ದಾರೆ ಎಂಬ ಪ್ರಶ್ನೆಯ ಹತ್ತಿರ ಬಂದಾಗ ಬಾಗಿಲಲ್ಲಿ ಮೂವರು ಚಪ್ಪಲಿ ಬಿಡುತ್ತಿದ್ದರು. ಪುಸ್ತಕ ಮುಚ್ಚಿಟ್ಟೆ.

ಹೀಗಿರುವಾಗ ಆಷಾಢ ಬಂತು. ಆಷಾಢದ ಕೊನೆಯ ಭಾನುವಾರ ಅನಂತರಾಯರು ನನ್ನ ಬಾಗಿಲು ತಟ್ಟಿದರು. ಅವರ ಹಿಂದೆ ಹನುಮಂತನಗರದಿಂದ ಬಂದ ಒಬ್ಬ ದಪ್ಪ ಹೆಂಗಸು, ಆಕೆಯ ಮಗ, ಹೊಸ ಸೊಸೆ. "ರೂಮು ನೋಡ್ಕೊಂಡು ಹೋಗ್ತಾರಮ್ಮ, ನೀನು ಕೂತಿರು" ಎಂದರು ರಾಯರು. ಶ್ರಾವಣದಲ್ಲಿ ನನ್ನ ಮದುವೆ ಎಂದು ಬೀದಿಯೇ ತೀರ್ಮಾನಿಸಿದ ಮೇಲೆ ಕೋಣೆ ಖಾಲಿಯಾಗುತ್ತದೆ. ಖಾಲಿಯಾಗುವ ಕೋಣೆಯನ್ನು ಇವರಿಗೆ ಕೊಡುವುದಾಗಿ ರಾಯರು ಆಗಲೇ ಮಾತು ಕೊಟ್ಟುಬಿಟ್ಟಿದ್ದರು. ಆ ಹೆಂಗಸು ನನ್ನ ಒಲೆಯ ಕಟ್ಟೆ ತಡವಿ ನೋಡಿದರು, ಬಚ್ಚಲಿನ ಕಿಂಡಿಯಲ್ಲಿ ಇಣುಕಿದರು, ಕೊನೆಗೆ ನನ್ನ ಬೀರುವಿನ ಮುಂದೆ ನಿಂತು ಗೇಣು ಹಾಕಿ ಅಳೆದರು. "ಸರಿಯಾಯ್ತು ಕಣೋ. ಇದು ಹೋದ ಜಾಗಕ್ಕೆ ನಮ್ಮ ಬೀರು ಕೂರುತ್ತೆ" ಎಂದು ಮಗನಿಗೆ ಹೇಳಿದರು. ಹೊಸ ಸೊಸೆ ಮೂಲೆಯಲ್ಲಿ ನಿಂತು ನನ್ನನ್ನು ನೋಡಿ ಸ್ನೇಹದಿಂದ ನಕ್ಕಳು. ನನ್ನನ್ನೂ ತನ್ನ ಹಾಗೆಯೇ ಎಂದುಕೊಂಡಿದ್ದಳು.

ಅಲ್ಲಿಯವರೆಗೆ ನನಗೆ ಇದು ಹೊಳೆದಿರಲಿಲ್ಲ. ಇಷ್ಟು ದಿನ ಹುಳಿ ಕಡುಬು ತಿಂದು ಕುಳಿತಿದ್ದವಳಿಗೆ ಒಮ್ಮೆಲೇ ಹನುಮಂತನಗರದಿಂದ ಬನಶಂಕರಿಯವರೆಗಿನ ಗೇಟುಗಳೆಲ್ಲ ನೆನಪಾದವು. ಒಬ್ರೇನಾ? ಒಬ್ರೇನಾ? ಈಗ ನನ್ನ ಜೊತೆ ಆಳೆತ್ತರದ ಬೀರು ಬೇರೆ. ಅಣ್ಣನ ಮನೆಯಲ್ಲಿ ಮಕ್ಕಳನ್ನು ಸರಿಸಬಹುದು, ಬೀರುವನ್ನು ಎಲ್ಲಿ ಇಡುವುದು? ನಾನು ಎದ್ದು ನಿಂತೆ. ಜೀವನದಲ್ಲಿ ಮೊದಲ ಬಾರಿಗೆ ಐದಾರು ಜನರ ಮುಂದೆ, ಪಾಠ ಓದುವ ದನಿಯಲ್ಲಿ, ಗಟ್ಟಿಯಾಗಿ ಹೇಳಿದೆ: "ನಾನು ಈ ರೂಮು ಬಿಡೋದಿಲ್ಲ. ನನಗೆ ಮದುವೆ ಇಲ್ಲ. ಶ್ರಾವಣದಲ್ಲೂ ಇಲ್ಲ, ಆಮೇಲೂ ಇಲ್ಲ. ಪಾಂಡಿಚೇರಿಯಲ್ಲಿ ನನಗೆ ಯಾರೂ ಇಲ್ಲ." ಕೊನೆಯ ವಾಕ್ಯಕ್ಕೆ ಬರುವಷ್ಟರಲ್ಲಿ, ಯಾಕೋ ಗೊತ್ತಿಲ್ಲ, ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಆ ನೀರು ಬರಬಾರದಿತ್ತು. ಅದಿಲ್ಲದಿದ್ದರೆ ಜನ ನನ್ನ ಮಾತನ್ನು ಇದ್ದ ಹಾಗೆಯೇ ನಂಬುತ್ತಿದ್ದರೋ ಏನೋ. ಪದ್ಮಮ್ಮನವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಕೈಲಿದ್ದ ಕಾಫಿ ಲೋಟಗಳನ್ನು ಹಾಗೇ ನೆಲದ ಮೇಲಿಟ್ಟು, "ಅಯ್ಯೋ ನನ್ನ ಕಂದ, ಬಿಟ್ಬಿಟ್ನಾ?" ಎಂದು ನನ್ನನ್ನು ತಬ್ಬಿಕೊಂಡರು.

"ಅವರಿರಲೇ ಇಲ್ಲ ಪದ್ಮಮ್ಮನೋರೆ."

"ಇರಲೇ ಇಲ್ಲ ಅಂದ್ಕೋ. ಹಾಗೇ ಅಂದ್ಕೋಬೇಕು. ಅಂಥೋನು ಇದ್ರೆಷ್ಟು ಬಿಟ್ರೆಷ್ಟು!" ಆಮೇಲೆ ಗಂಡನ ಕಡೆ ತಿರುಗಿ, "ನಿಮಗೆ ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ? ಹುಡುಗಿ ಈ ಸ್ಥಿತೀಲಿರುವಾಗ ರೂಮು ತೋರ್ಸಕ್ಕೆ ಬಂದಿದ್ದೀರಲ್ಲ. ಅವಳು ಎಲ್ಲೂ ಹೋಗಲ್ಲ. ಎಷ್ಟು ವರ್ಷ ಬೇಕಾದ್ರೂ ಇಲ್ಲೇ ಇರ್ತಾಳೆ" ಎಂದರು. ಅನಂತರಾಯರು ಕನ್ನಡಕ ತೆಗೆದು ಒರೆಸಿಕೊಂಡು, ಹನುಮಂತನಗರದವರನ್ನು ಹೊರಗೆ ಕರೆದುಕೊಂಡು ಹೋದರು. ಆ ದಪ್ಪ ಹೆಂಗಸು ಸಹ ಹೋಗುವಾಗ ನನ್ನ ಕೆನ್ನೆ ಸವರಿ, "ದೇವರಿದ್ದಾನೆ ಬಿಡಮ್ಮ" ಎಂದು ಹೋದರು. ಹೀಗೆ ನನ್ನ ಕೋಣೆ ನನಗೆ ಉಳಿಯಿತು. ಬಾಡಿಗೆಯನ್ನು ತಿಂಗಳಿಗೆ ಸರಿಯಾಗಿ ಕೊಡುತ್ತಿದ್ದ ನನ್ನ ಹಕ್ಕಿನಿಂದಲ್ಲ, ಹುಟ್ಟೇ ಇರದ ಒಬ್ಬರು ನನಗೆ ಕೈಕೊಟ್ಟದ್ದರಿಂದ.

ಮುಂದೆ ಕೆಲವು ದಿನ ಮೆಣಸಿನ ಸಾರು, ಮೆತ್ತಗಿನ ಅನ್ನ, ಹೆಸರುಬೇಳೆ ಪಾಯಸ ಬಂದವು, ಕಾಯಿಲೆಯವರಿಗೆ ಬರುವ ಹಾಗೆ. ಹೆಂಗಸರು ಬಂದರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನನ್ನ ಮುಂದೆ ಯಾರ ಮದುವೆಯ ಸುದ್ದಿಯನ್ನೂ ಎತ್ತುತ್ತಿರಲಿಲ್ಲ. ಮದುವೆಯ ಸುದ್ದಿ ಬಿಟ್ಟರೆ ಅವರಿಗೂ ಮಾತಾಡಲು ಹೆಚ್ಚೇನಿರಲಿಲ್ಲ. ಆದ್ದರಿಂದ ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ನಾನು ಮತ್ತೆ ಎಲೆಕೋಸು ಕೊಂಡೆ.

ಶ್ರಾವಣದ ಒಂದು ಶುಕ್ರವಾರ ಗಿರಿಜಕ್ಕ ಅರಿಶಿನ ಕುಂಕುಮಕ್ಕೆ ಕರೆದರು. ಹೋಗದಿದ್ದರೆ ದುಃಖ ಇನ್ನೂ ಆರಿಲ್ಲ ಎಂದುಕೊಳ್ಳುತ್ತಾರೆಂದು ಹೋದೆ. ಸಾಲಾಗಿ ಕೂತಿದ್ದೆವು, ಪದ್ಮಮ್ಮನವರು ಕೋಸಂಬರಿ ಹಂಚುತ್ತಿದ್ದರು. ಗಿರಿನಗರದಿಂದ ಬಂದಿದ್ದ ಗಿರಿಜಕ್ಕನ ನಾದಿನಿಗೆ ನನ್ನ ಕಥೆ ಹೊಸದು. ಅವರು ಕೇಳಿ ಮುಗಿಸಿ, ನನ್ನನ್ನು ಕನಿಕರದಿಂದ ನೋಡಿ, "ಅಂಥೋನು ಉದ್ಧಾರ ಆಗ್ತಾನೇನ್ರೀ? ದುಡ್ಡಿಗೆ ಬಾಯಿ ಬಿಟ್ಟಿರ್ಬೇಕು. ಸ್ಕೂಟರ್ ಕೇಳಿರ್ತಾನೆ, ವರದಕ್ಷಿಣೆ ಕೇಳಿರ್ತಾನೆ. ಲೋಫರ್ ನನ್ಮಗ!" ಎಂದರು.

ಸುತ್ತಲಿದ್ದವರೆಲ್ಲ ಹೌದು ಹೌದೆಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ನಾನು ಮಾತಾಡಬೇಕೆಂದಿರಲಿಲ್ಲ. ಆದರೆ ತಾಯಿಯಿಲ್ಲದ, ತಂಗಿಗೆ ಮದುವೆ ಮಾಡಿ ಮುಗಿಸಿದ, ಬೆಳ್ಳುಳ್ಳಿಯನ್ನು ಸಹ ಮುಟ್ಟದ ಆ ಮನುಷ್ಯನನ್ನು ಹೀಗೆ ಬಾಯಿಗೆ ಬಂದಂತೆ ಅನ್ನುವುದು ನನಗೆ ಸರಿಕಾಣಲಿಲ್ಲ.

"ಇಲ್ಲ," ಎಂದೆ. "ಅವರು ನನ್ನಿಂದ ಏನೂ ಕೇಳಿರಲಿಲ್ಲ."

ಪದ್ಮಮ್ಮನವರು ನನ್ನ ದೊನ್ನೆಗೆ ಇನ್ನೊಂದು ಸೌಟು ಕೋಸಂಬರಿ ಹಾಕಿದರು.